ವಿಮಾನಕ್ಕೆ ತುಕ್ಕು ಹಿಡಿಸಿದ್ದು

ಹೊಸ ವಸ್ತುವನ್ನು ಬೇಕೆಂದೇ ಹಳೆಯದು ಮಾಡುವ ಕೆಲಸವೊಂದು ಈ ಲೋಕದಲ್ಲಿದೆ ಎಂದು ನನಗೆ ಐವತ್ತಾರು ವರ್ಷ ಗೊತ್ತಿರಲಿಲ್ಲ. ಗೊತ್ತಾದ ದಿನ ಮೊದಲು ನಗು ಬಂತು, ಆಮೇಲೆ ಸಿಟ್ಟು ಬಂತು. ಈಗ ನೆನೆಸಿಕೊಂಡರೆ ಎರಡೂ ಬರುವುದಿಲ್ಲ, ಸುಮ್ಮನೆ ಒಂದು ಸಮಾಧಾನ ಬರುತ್ತದೆ.

ಬಣಕಲ್‌ನ ರಸ್ತೆ ಬದಿಯಲ್ಲಿ ನನ್ನ ಶೆಡ್ಡಿದೆ. ಟಿಂಕರಿಂಗ್ ಮತ್ತು ಪೇಂಟಿಂಗ್ ಎಂದು ಬೋರ್ಡು. ಬೋರ್ಡು ಬರೆದವನೂ ನಾನೇ. ಏಳನೇ ಕ್ಲಾಸಿಗೆ ಶಾಲೆ ಬಿಟ್ಟವನು ಬರೆದದ್ದು ಎಂದು ಯಾರೂ ಹೇಳಲಾರರು, ಅಕ್ಷರಗಳು ಅಷ್ಟು ದುಂಡಗಿವೆ. ಮೂಡಿಗೆರೆಯಿಂದ ಕಳಸದವರೆಗಿನ ಎಸ್ಟೇಟ್ ಜೀಪುಗಳು ಮುಪ್ಪಾದಾಗ ನನ್ನ ಹತ್ತಿರ ಬರುತ್ತವೆ. ಬಾಗಿಲ ತಳ ತಿಂದುಹೋಗಿರುತ್ತದೆ, ಮಡ್‌ಗಾರ್ಡು ಜರಡಿಯಾಗಿರುತ್ತದೆ. ಕೊಳೆತದ್ದನ್ನು ಕತ್ತರಿಸಿ, ಹೊಸ ತಗಡು ಬೆಸೆದು, ಪುಟ್ಟಿ ಹಾಕಿ ಉಜ್ಜಿ, ಬಣ್ಣ ಹೊಡೆದು ಕಳಿಸುತ್ತೇನೆ. ಗಾಡಿಯ ಮೈಮೇಲಿನ ಮಣ್ಣು ನೋಡಿಯೇ ಅದು ಬಾಬಾಬುಡನ್‌ಗಿರಿಯ ಬೆನ್ನಿಂದ ಬಂತೋ ಮಲ್ಲಂದೂರಿನ ಕಡೆಯಿಂದ ಬಂತೋ ಹೇಳಬಲ್ಲೆ. ಜೀವಮಾನವಿಡೀ ತುಕ್ಕಿನ ಜೊತೆ ಜಗಳವಾಡಿದವನಿಗೆ ತುಕ್ಕಿನ ಹುಟ್ಟು, ಬೆಳವಣಿಗೆ, ಒಳಸಂಚು ಎಲ್ಲ ತಿಳಿದಿರುತ್ತದೆ. ಇದು ಬಡಾಯಿಯಲ್ಲ. ಸ್ವಲ್ಪ ಬಡಾಯಿ ಇದ್ದರೂ ಇರಲಿ ಬಿಡಿ, ಸರ್ಟಿಫಿಕೇಟ್ ಇಲ್ಲದವನಿಗೆ ಬೇರೆ ಯಾರು ಕೊಡುತ್ತಾರೆ?

ಇಂಥ ನನ್ನ ಹತ್ತಿರ ಒಂದು ಬೆಳಿಗ್ಗೆ ಏರ್‌ಫೋರ್ಸ್ ಲಕ್ಷ್ಮಣಗೌಡರು ರಟ್ಟಿನ ಪೆಟ್ಟಿಗೆಯೊಂದನ್ನು ಕಂಕುಳಲ್ಲಿಟ್ಟುಕೊಂಡು ಬಂದರು. ಊರ ಹೊರಗೆ ನಾಲ್ಕೆಕರೆ ಕಾಫಿ ಇಟ್ಟುಕೊಂಡಿರುವ ಅವರು, ಎಪ್ಪತ್ತೊಂದರ ಯುದ್ಧದ ಕಾಲದಲ್ಲಿ ವಾಯುಸೇನೆಯಲ್ಲಿ ಫಿಟ್ಟರ್ ಆಗಿದ್ದವರು. ಹಾರಿಸಿದವರಲ್ಲ, ನ್ಯಾಟ್ ಎಂಬ ಪುಟ್ಟ ಯುದ್ಧವಿಮಾನದ ಮೈ ನೋಡಿಕೊಂಡವರು. ಅಂದರೆ ಲೆಕ್ಕಕ್ಕೆ ಹಿಡಿದರೆ ಅವರೂ ಟಿಂಕರೇ. ಹಾಗಂತ ಅವರೆದುರು ಹೇಳುವ ಧೈರ್ಯ ನನಗಿರಲಿಲ್ಲ.

ಪೆಟ್ಟಿಗೆಯಲ್ಲಿದ್ದದ್ದು ಆ ನ್ಯಾಟ್‌ನ ಮಾದರಿ, ನಿಜದ ನಲವತ್ತೆಂಟರಲ್ಲೊಂದು ಅಳತೆಯದು, ಬಿಡಿಬಿಡಿ ಪ್ಲಾಸ್ಟಿಕ್ ತುಂಡುಗಳಾಗಿ. ಯಾವಾಗಲೋ ಬೆಂಗಳೂರಿನಲ್ಲಿ ಕೊಂಡು ಟ್ರಂಕಿನಲ್ಲಿಟ್ಟು, ನಾಳೆ ಮಾಡಿದರಾಯಿತು ಎಂದು ವರ್ಷಗಟ್ಟಲೆ ಕಾದಿದ್ದರಂತೆ. ಈಗ ಅವರ ಕಣ್ಣಿನ ನಡುಭಾಗ ಮಸುಕಾಗುತ್ತ ಬಂದಿತ್ತು. ಮಂಗಳೂರಿನ ಡಾಕ್ಟರು ಇಂಜೆಕ್ಷನ್ ಕೊಟ್ಟು, ಎಷ್ಟು ದಿನ ಉಳಿಯುತ್ತದೋ ಹೇಳಲಾಗದು ಎಂದಿದ್ದರು.

"ಹಮೀದಾ, ಆವಾಗ ಫೋಟೋ ಹೊಡ್ಕೊಳ್ಳೋ ಹಂಗಿರ್ಲಿಲ್ಲ," ಎಂದರು ಗೌಡರು. "ನಾನು ನೋಡ್ಕೊಂಡ ವಿಮಾನ ಹೆಂಗಿತ್ತೋ ಹಂಗೇ ಒಂದ್ಸಲ ನೋಡ್ಬೇಕು ಮಾರಾಯ. ಕಣ್ಣಿರೋದ್ರೊಳಗೆ."

ಜೊತೆಗೆ ಬಂದಿದ್ದ ಅವರ ಹೆಂಡತಿ ಪದ್ಮಕ್ಕ ಶೆಡ್ಡಿನ ಬಾಗಿಲಲ್ಲೇ ನಿಂತು, "ನೋಡಿ ಹಮೀದ್, ಮದುವೆ ಫೋಟೋ ತೋರ್ಸಿದ್ರೆ ಮಂಜು ಮಂಜು ಅಂತಾರೆ. ವಿಮಾನ ಮಾತ್ರ ಕಾಣ್ಬೇಕಂತೆ!" ಎಂದರು.

"ಮದುವೆ ಫೋಟೋದಲ್ಲಿ ಇರೋಳು ದಿನಾ ಎದುರಿಗೇ ಇದಾಳಲ್ಲ," ಎಂದರು ಗೌಡರು.

ಅಂಟಿಸುವ ಕ್ರಮ ತಿಳಿಸುವ ಒಂದು ಹಾಳೆ ಪೆಟ್ಟಿಗೆಯಲ್ಲಿತ್ತು. ಅದರಲ್ಲಿ ಅಕ್ಷರ ಕಡಿಮೆ, ಚಿತ್ರ ಜಾಸ್ತಿ. ನಮ್ಮ ಶಾಲೆಯಲ್ಲಿ ಇಂಥ ಪುಸ್ತಕ ಕೊಟ್ಟಿದ್ದರೆ ನಾನು ಹತ್ತನೇ ಕ್ಲಾಸು ದಾಟುತ್ತಿದ್ದೆನೇನೋ. ಮೊದಲಿಂದ ಕೊನೆಯವರೆಗೆ ಒಂದು ಗೆರೆಯನ್ನೂ ಬಿಡದೆ ಓದಿದೆ. ಸಂಜೆಗೆ ಶೆಡ್ಡು ಮುಚ್ಚುವ ಮುಂಚಿನ ಒಂದು ಗಂಟೆ ವಿಮಾನಕ್ಕೆ ಎಂದು ಮೀಸಲಿಟ್ಟೆ. ಸುತ್ತಿಗೆ ಹಿಡಿದು ದಪ್ಪವಾದ ಬೆರಳುಗಳಲ್ಲಿ ಅಕ್ಕಿಕಾಳಿನಷ್ಟು ತುಂಡು ಹಿಡಿಯುವುದೆಂದರೆ ಆನೆಯ ಕೈಗೆ ಸೂಜಿ ಕೊಟ್ಟಂತೆ. ಅಳತೆಯ ಗಣಿತ ಇನ್ನೂ ಕಷ್ಟದ್ದು. ಇಲ್ಲಿ ನನ್ನ ಕೈತಪ್ಪಿ ಒಂದು ಮಿಲಿಮೀಟರ್ ಬಣ್ಣ ಇಳಿದರೆ, ನಿಜವಾದ ವಿಮಾನದಲ್ಲಿ ಅದು ಎರಡಂಗುಲದ ಹೊನಲು! ಜೀಪಿನಲ್ಲಿ ಎರಡಂಗುಲದ ಹೊನಲು ಇಳಿದಿದ್ದರೆ ನಾನು ಊರು ಬಿಡಬೇಕಾಗುತ್ತಿತ್ತು.

ಒಂದು ತಿಂಗಳಿಗೆ ಗೇಣುದ್ದದ ವಿಮಾನ ನಿಂತಿತು. ಹಸಿರು ಬಣ್ಣ ಹೊಡೆದೆ. ಹೊಡೆದೆ ಎಂದರೆ ಸಾಲದು. ಬಣಕಲ್‌ನ ಮಂಜಿಗೆ ಬಣ್ಣ ಬೆಳ್ಳಗೆ ಹೊಗೆಯಾಡದ ಹಾಗೆ ಬಿಸಿಲು ಕಾದು, ಗಾಳಿ ನಿಂತ ಗಳಿಗೆ ನೋಡಿ, ಮೂರು ಕೋಟು ಕೊಟ್ಟು, ರಬ್ಬಿಂಗ್ ಕಾಂಪೌಂಡ್ ಹಾಕಿ ಪಾಲಿಶ್ ಮಾಡಿದೆ. ರೆಕ್ಕೆಯಲ್ಲಿ ನನ್ನ ಮೂಗು ಕಾಣುತ್ತಿತ್ತು.

ಗೌಡರು ಭೂತಗನ್ನಡಿ ಹಿಡಿದು ನೋಡಿದರು. "ಕೆಲಸ ಚಂದ. ಆದ್ರೆ ಇದು ದಿಬ್ಬಣದ ಕಾರು ಮಾರಾಯ, ಯುದ್ಧಕ್ಕೆ ಹೋದ ವಿಮಾನ ಅಲ್ಲ. ನಮ್ಮದು ಬಳಸಿ ಬಳಸಿ ಕೊಳೆಯಾಗಿತ್ತು. ಸ್ವಲ್ಪ ಹಳೇದು ಮಾಡು."

ಇದಕ್ಕೆ ವೆದರಿಂಗ್ ಎನ್ನುತ್ತಾರೆ ಎಂದು ಫೋನಿನಲ್ಲಿ ನೋಡಿ ತಿಳಿದುಕೊಂಡೆ. ದೇಶ ದೇಶಗಳಲ್ಲಿ ದೊಡ್ಡ ದೊಡ್ಡ ಗಂಡಸರು ಕೂತು ಬೆರಳುದ್ದದ ವಿಮಾನಕ್ಕೆ ಮಸಿ ಹಚ್ಚುತ್ತಾರೆ! ಯೋಚಿಸಿದರೆ ಇದರಲ್ಲಿ ಆಶ್ಚರ್ಯವೇನಿಲ್ಲ. ಹೊಸ ಪಾತ್ರೆಯನ್ನು ಮುಟ್ಟಲು ಮನೆಮಂದಿ ಹೆದರುತ್ತಾರೆ, ಮೊದಲ ತಗ್ಗು ಬಿದ್ದ ಮೇಲೆಯೇ ಅದು ಅಡುಗೆಮನೆಯ ಸದಸ್ಯನಾಗುವುದು. ಹೊಸ ಚಪ್ಪಲಿ ಕಚ್ಚುತ್ತದೆ, ಹಳೆಯದು ಕಾಲಿನ ಆಕಾರ ಕಲಿತಿರುತ್ತದೆ. ಹಳತಾಗುವುದೆಂದರೆ ಒಂದು ರೀತಿಯಲ್ಲಿ ನಮ್ಮದಾಗುವುದು. ಇಷ್ಟೆಲ್ಲ ತತ್ವ ಆ ದಿನ ನನಗೆ ಹೊಳೆದಿರಲಿಲ್ಲ ಅನ್ನಿ. ಆ ದಿನ ಹೊಳೆದದ್ದು ಒಂದೇ ಮಾತು: ಹಳೆಯದು ಮಾಡುವುದನ್ನು ನನಗೆ ಹೇಳಿಕೊಡಬೇಕೇ?

ಬ್ರಶ್ಶಿನ ತುದಿಯಲ್ಲಿ ಕೆಂಪು, ಕಂದು, ಕಿತ್ತಳೆ ಕಲಸಿ ತುಕ್ಕು ಬರೆದೆ. ಜೋಡಣೆಯ ಸಂದುಗಳಲ್ಲಿ, ರೆಕ್ಕೆಯ ತಳದಲ್ಲಿ, ನೀರು ನಿಲ್ಲಬಹುದಾದ ಪ್ರತಿ ಮೂಲೆಯಲ್ಲಿ ಎಲ್ಲಿಂದ ಹುಟ್ಟಿ ಎತ್ತ ಹರಿಯುತ್ತದೋ ಹಾಗೆ. ಚಕ್ರಗಳಿಗೆ ಎಸ್ಟೇಟ್ ರಸ್ತೆಯ ಕೆಮ್ಮಣ್ಣನ್ನೇ ಜರಡಿ ಹಿಡಿದು ಹಚ್ಚಿದೆ. ಬಿಸಿಲು ಕಾಣದ ಹೊಟ್ಟೆಯ ಭಾಗಕ್ಕೆ ಒಂದಿಷ್ಟು ಪಾಚಿ. ಮುಗಿದಾಗ ನನಗೇ ಕಣ್ಣು ತುಂಬಿತು. ಅಂಥ ತುಕ್ಕನ್ನು ದೇವರೂ ಮಾಡಿರಲಾರ ಎನ್ನಿಸಿ, ಕೂಡಲೇ ತೋಬಾ ತೋಬಾ ಎಂದು ಗಲ್ಲ ಬಡಿದುಕೊಂಡೆ.

ಗೌಡರು ನೋಡಿದರು. ಭೂತಗನ್ನಡಿ ಕೆಳಗಿಟ್ಟು ನಗತೊಡಗಿದರು. ನಕ್ಕು ನಕ್ಕು ಕೆಮ್ಮು ಬಂತು. ಪದ್ಮಕ್ಕ ನೀರು ತಂದುಕೊಡಬೇಕಾಯಿತು.

"ಹಮೀದಾ, ಇದು ಅಲ್ಯೂಮಿನಿಯಂ ಕಣೋ! ಅಲ್ಯೂಮಿನಿಯಂಗೆ ಕೆಂಪು ತುಕ್ಕು ಹಿಡಿಯತ್ತಾ? ಪಾಚಿ ಬೇರೆ ಕಟ್ಸಿದೀಯ. ಇದನ್ನೇನು ಹತ್ತು ಮಳೆಗಾಲ ಕಾಫಿ ತೋಟದಲ್ಲಿ ನಿಲ್ಸಿದ್ರಾ?"

ಅವರು ಹಾಸ್ಯಕ್ಕೇ ಅಂದದ್ದು. ಆದರೆ ನನಗೆ ಏಳನೇ ಕ್ಲಾಸಿನ ಬೆಂಚಿನ ಮೇಲೆ ನಿಲ್ಲಿಸಿದಂತಾಯಿತು. ನಲವತ್ತು ವರ್ಷ ತಗಡು ಬಡಿದವನಿಗೆ ಅಲ್ಯೂಮಿನಿಯಂ ತುಕ್ಕು ಹಿಡಿಯುವುದಿಲ್ಲ ಎಂದು ಗೊತ್ತಿಲ್ಲವೇ? ಗೊತ್ತಿತ್ತು. ಮನೆಯ ಅನ್ನದ ಪಾತ್ರೆ ಅದೇ. ಆದರೆ ಬ್ರಶ್ಶು ಹಿಡಿದ ಕೈ ಜೀಪನ್ನು ಮಾತ್ರ ನೆನಪಿಟ್ಟುಕೊಂಡಿತ್ತು. ತಪ್ಪು ಚಿಕ್ಕದಾದಷ್ಟೂ ಅವಮಾನ ದೊಡ್ಡದು. "ಆಗ್ಲಿ ಗೌಡ್ರೇ, ಪುರುಸೊತ್ತಾದಾಗ ನೋಡೋಣ," ಎಂದು ಸೆಟೆದುಕೊಂಡು ಬಂದೆ. ವಿಮಾನವನ್ನು ಪೆಟ್ಟಿಗೆಗೆ ಹಾಕಿ ಟಿನ್ನರ್ ಡಬ್ಬಿಗಳ ಹಿಂದೆ ಇಟ್ಟೆ. ಮೂರು ವಾರ ಪುರುಸೊತ್ತು ಆಗಲೇ ಇಲ್ಲ. ಸ್ವಾಭಿಮಾನಕ್ಕೆ ಪುರುಸೊತ್ತು ಆಗುವುದು ಬಹಳ ತಡ.

ಆಮೇಲೆ ಪದ್ಮಕ್ಕನ ಫೋನು ಬಂತು. "ಬೇಜಾರು ಮಾಡ್ಕೊಂಡ್ರಾ? ಇವ್ರು ಕೇಳೋಕೆ ಹಿಂಜರಿತಾರೆ. ಇವತ್ತು ಕಾಫೀನ ಲೋಟದ ಪಕ್ಕಕ್ಕೆ ಬಗ್ಗಿಸ್ಕೊಂಡ್ರು. ಇನ್ನು ತಡ ಮಾಡ್ಬೇಡಿ."

ಫೋನಿಟ್ಟ ಮೇಲೆ ಜೀಪಿನ ಬಾಗಿಲ ಕೆಲಸ ಅಲ್ಲಿಗೇ ಬಿಟ್ಟು ಡಬ್ಬಿಗಳ ಹಿಂದಿನ ಪೆಟ್ಟಿಗೆ ಹೊರಗೆ ತೆಗೆದೆ. ಮೂರು ವಾರ ನಾನು ಹಿಡಿದಿಟ್ಟುಕೊಂಡದ್ದು ನನ್ನ ಮರ್ಯಾದೆ ಎಂದುಕೊಂಡಿದ್ದೆ. ಹಿಡಿದಿಟ್ಟದ್ದು ಆ ಮನುಷ್ಯನ ಕಣ್ಣು. ರಾತ್ರಿ ಮನೆಗೆ ಹೋದಾಗ ನನ್ನ ಹೆಂಡತಿ ಜಮೀಲಾ ಮುಖ ನೋಡಿಯೇ ಎಲ್ಲ ತಿಳಿದುಕೊಂಡು, "ಗಾಡಿ ಮೇಲಿನ ತಗ್ಗು ಮುಟ್ಟಿದ್ರೆ ಗೊತ್ತಾಗತ್ತೆ ನಿಮಗೆ, ಮನುಷ್ಯರದ್ದು ಗೊತ್ತಾಗಲ್ಲ," ಎಂದಳು.

ಮಾರನೆಯ ಬೆಳಿಗ್ಗೆ ಪೆಟ್ಟಿಗೆ ಹಿಡಿದು ಗೌಡರ ಮನೆಗೆ ಹೋದೆ. ಕ್ಷಮೆ ಕೇಳುವ ಅಭ್ಯಾಸ ಇಲ್ಲದ್ದರಿಂದ, "ಹೇಳಿ, ಎಲ್ಲೆಲ್ಲಿ ಕೊಳೆಯಾಗಿತ್ತು?" ಎಂದಷ್ಟೇ ಕೇಳಿದೆ. ಅವರು ಅದನ್ನೇ ಕ್ಷಮೆ ಎಂದು ತೆಗೆದುಕೊಂಡರು. ಕಣ್ಣು ಮುಚ್ಚಿ ಕೂತು ಹೇಳತೊಡಗಿದರು. ನಾನು ಪೆನ್ಸಿಲ್ಲಿನಲ್ಲಿ ವಿಮಾನದ ಚಿತ್ರ ಬರೆದುಕೊಂಡು ಗುರುತು ಹಾಕುತ್ತ ಹೋದೆ. ದಿನಕ್ಕೆ ಒಂದು ಗಂಟೆ, ಆರು ದಿನ.

ಆ ಆರು ದಿನ ನಾನು ಕಲಿತದ್ದು ಇಷ್ಟು. ವಿಮಾನವನ್ನು ಹಳೆಯದು ಮಾಡುವುದು ಮಳೆಯೂ ಅಲ್ಲ, ಕಾಲವೂ ಅಲ್ಲ. ಜನ. ಇಂಧನ ತುಂಬುವವನ ಪೈಪು ತಾಗಿ ತಾಗಿ ಮುಚ್ಚಳದ ಸುತ್ತ ಬಣ್ಣ ಹೋಗುತ್ತದೆ. ದಿನಕ್ಕೆ ನಾಲ್ಕು ಸಲ ಬಿಚ್ಚಿ ಹಾಕುವ ಮುಚ್ಚಳದ ಸ್ಕ್ರೂಗಳ ತಲೆ ಬೆಳ್ಳಗಾಗುತ್ತದೆ. ಯಾರೂ ಮುಟ್ಟದ ಜಾಗ ಯುದ್ಧದ ಕೊನೆಯ ದಿನವೂ ಹೊಸದಾಗಿಯೇ ಇರುತ್ತದೆ. ಇನ್ನೊಂದು ಮಾತು ಕೇಳಿದಾಗಲಂತೂ ನನ್ನ ಎದೆ ಒಡೆಯಿತು. ಆ ಹಸಿರು ಬಣ್ಣವನ್ನು ಸ್ಪ್ರೇ ಮಾಡಿರಲೇ ಇಲ್ಲವಂತೆ.

"ಬೆಳ್ಳಿ ಬಣ್ಣದಲ್ಲಿ ಇದ್ವು. ಯುದ್ಧದ ಅವಸರದಲ್ಲಿ ನಾವೇ ಹುಡುಗ್ರು ಬ್ರಶ್ ತಗೊಂಡು ಬಳಿದ್ವಿ, ಗೋಡೆಗೆ ಸುಣ್ಣ ಬಳಿದ ಹಂಗೆ," ಎಂದರು ಗೌಡರು. "ಗೆರೆ ಗೆರೆ ಕಾಣ್ತಿತ್ತು. ಚಂದ ಇರ್ಲಿಲ್ಲ. ಆದ್ರೆ ಹೋದಷ್ಟು ಸಲಾನೂ ವಾಪಸ್ ಬಂತು ಮಾರಾಯ. ಪ್ರತಿ ಸಲ ಇಳಿದಾಗ ರೆಕ್ಕೆ ಮುಟ್ಟಿ ನೋಡ್ತಿದ್ದೆ, ದನದ ಬಿಸಿ ಮೈ ಮುಟ್ಟಿದ ಹಂಗೆ."

ಟಿನ್ನರ್ ಹಾಕಿದರೆ ಪ್ಲಾಸ್ಟಿಕ್ಕು ಬೆಲ್ಲದಂತೆ ಕರಗುತ್ತದೆ. ಆದ್ದರಿಂದ ನೆನೆಸಿ ಉಜ್ಜುವ ಉಪ್ಪುಕಾಗದದಲ್ಲಿ, ಸೋಪಿನ ನೀರು ಹಾಕಿ, ನನ್ನ ಮೂರು ಕೋಟನ್ನೂ ನನ್ನ ಅಮೋಘ ತುಕ್ಕನ್ನೂ ನಾನೇ ಉಜ್ಜಿ ತೆಗೆದೆ. ಕೆಳಗೆ ಬೆಳ್ಳಿ, ಅದರ ಮೇಲೆ ಹಸಿರು, ಅದೂ ಬ್ರಶ್ಶಿನಲ್ಲಿ, ಗೆರೆ ಕಾಣುವಂತೆ. ಕೆಟ್ಟದಾಗಿ ಬಣ್ಣ ಬಳಿಯುವುದು ಇಷ್ಟು ಕಷ್ಟ ಎಂದು ನನ್ನ ಶೆಡ್ಡಿನ ಎದುರಾಳಿಗಳಿಗೆ ತಿಳಿದಿದ್ದರೆ ಹೆಮ್ಮೆಪಡುತ್ತಿದ್ದರು. ಜನ ಮುಟ್ಟುವ ಕಡೆಗಳಲ್ಲಿ ಪಾತ್ರೆ ಉಜ್ಜುವ ನಾರಿನಿಂದ ಮೆಲ್ಲಗೆ ತಿಕ್ಕಿ ಬೆಳ್ಳಿ ಕಾಣಿಸಿದೆ. ಬಂದೂಕಿನ ಬಾಯಿಗೆ ಪೆನ್ಸಿಲ್ಲಿನ ಪುಡಿಯ ಮಸಿ. ಎಣ್ಣೆ ಸೋರಿದ ಗುರುತಿಗೆ ಮನೆಯ ಗಟ್ಟಿ ಡಿಕಾಕ್ಷನ್ ಎರಡು ಹನಿ.

"ವಿಮಾನಕ್ಕೂ ಕಾಫಿ ಕುಡಿಸ್ತೀರಾ?" ಎಂದಳು ಜಮೀಲಾ.

"ನಮ್ಮೂರಿಗೆ ಬಂದೋರಿಗೆ ಕೊಡದೆ ಕಳಿಸ್ತೀವಾ?" ಎಂದೆ.

ಎಂಟು ದಿನಕ್ಕೆ ಮುಗಿಯಿತು. ಗೌಡರ ಜಗುಲಿಯಲ್ಲಿ, ಹತ್ತು ಗಂಟೆಯ ಬಿಸಿಲು ಬೀಳುವ ಕಡೆ ಸ್ಟೂಲಿನ ಮೇಲೆ ವಿಮಾನ ಇಟ್ಟೆ. ಗೌಡರು ಬಗ್ಗಿದರು. ನೆಟ್ಟಗೆ ಅದರ ಮುಖಕ್ಕೇ ಮುಖವಿಟ್ಟು ಬಹಳ ಹೊತ್ತು ನೋಡಿದರು.

"ಚೆನ್ನಾಗಿದೆ ಮಾರಾಯ. ಬಹಳ ಚೆನ್ನಾಗಿದೆ," ಎಂದರು.

ಪದ್ಮಕ್ಕ ನನ್ನನ್ನು ನೋಡಿದರು, ನಾನು ನೆಲ ನೋಡಿದೆ. ಎರಡೂವರೆ ತಿಂಗಳಲ್ಲಿ ಈ ಮನುಷ್ಯ ನನ್ನ ಕೆಲಸವನ್ನು ತಕರಾರಿಲ್ಲದೆ ಒಪ್ಪಿದ್ದು ಇದೇ ಮೊದಲು. ತಪ್ಪು ಹುಡುಕಲು ಕಣ್ಣು ಬೇಕು, ಹೊಗಳುವುದಕ್ಕೆ ಬೇಕಾಗಿಲ್ಲ. ರುಚಿ ನೋಡದ ಊಟಕ್ಕೂ ಜನ ಚೆನ್ನಾಗಿದೆ ಎನ್ನುತ್ತಾರೆ. ನನ್ನ ಮೂರು ವಾರದ ಸೆಡವು ಎದೆಯ ಮೇಲೆ ಜ್ಯಾಕಿನಂತೆ ಕೂತಿತು.

ಆಗ ಗೌಡರು ಕತ್ತು ಓರೆ ಮಾಡಿದರು. ಕಾಳು ಕಂಡ ಕೋಳಿಯ ಹಾಗೆ. ಕಣ್ಣಿನ ನಡುಭಾಗ ಹೋದವರಿಗೆ ಅಂಚಿನಲ್ಲಿ ಕಾಣುತ್ತದೆಯಂತೆ, ನನಗೆ ಆಮೇಲೆ ತಿಳಿಯಿತು. ಓರೆಗಣ್ಣಿನಲ್ಲಿ ಬಾಲದಿಂದ ಮೂಗಿನವರೆಗೆ ಮೆಲ್ಲಗೆ ಬಂದರು. ಇಂಧನದ ಮುಚ್ಚಳದ ಹತ್ತಿರ ನಿಂತರು, ತಲೆಯಾಡಿಸಿದರು. ಪೈಲಟ್ ಕೂರುವ ಜಾಗಕ್ಕೆ ಬಂದರು. ಅಲ್ಲಿ ಏಣಿ ಒರಗಿ ಒರಗಿ ಬಣ್ಣ ಹೋದಂತೆ ನಾನು ತಿಕ್ಕಿದ್ದೆ. ಅವರ ಹುಬ್ಬು ಗಂಟಾಯಿತು.

"ಹಮೀದಾ."

"ಗೌಡ್ರೇ."

"ಬಲಗಡೆಯಿಂದ ಹತ್ತೋಕೆ ಇದೇನು ಜೀಪಾ? ಏಣಿ ಎಡಗಡೆ ಇಡೋದು! ದಿನಾ ಇಟ್ಟೋನು ನಾನು. ಯಾರು ನಿಂಗೆ ಬಲಗಡೆ ಅಂದೋರು?"

ಯಾರೂ ಅಂದಿರಲಿಲ್ಲ. ಡ್ರೈವರ್ ಬಲಗಡೆಯಿಂದ ಹತ್ತುತ್ತಾನೆ ಎಂದು ಯಾರಾದರೂ ಹೇಳಿಕೊಡಬೇಕೇ? ನನ್ನ ಕೈ ತಾನಾಗಿಯೇ ಆ ಕಡೆ ಹೋಗಿತ್ತು. ನನ್ನ ಜೀವನದಲ್ಲಿ ಎಷ್ಟೋ ಜನ ನನ್ನ ಕೆಲಸದಲ್ಲಿ ತಪ್ಪು ತೋರಿಸಿದ್ದಾರೆ. ಒಬ್ಬರಿಗೂ ನಾನು ಥ್ಯಾಂಕ್ಸ್ ಹೇಳಿದವನಲ್ಲ. ಅವತ್ತು ಮಾತ್ರ ಗೌಡರ ಎರಡೂ ಕೈ ಹಿಡಿದುಕೊಂಡೆ. ಪದ್ಮಕ್ಕ ಸೆರಗಿನಲ್ಲಿ ಕಣ್ಣೊರೆಸಿಕೊಂಡು, "ಕಂಡಿತಲ್ಲ, ಇನ್ನು ಶುರು ಇವ್ರ ಜೋರು," ಎಂದು ಕಾಫಿಗೆ ಒಳಗೆ ಹೋದರು.

ಜೇಬಿನಿಂದ ನಾರು ತೆಗೆದು ಅಲ್ಲೇ ಕೂತು ಎಡಗಡೆಯ ಬಣ್ಣ ತಿಕ್ಕಿದೆ. ಗೌಡರು ಕತ್ತು ಓರೆ ಮಾಡಿಕೊಂಡೇ, ಇನ್ನೂ ಸ್ವಲ್ಪ ಮೇಲೆ, ಇನ್ನೂ ಸ್ವಲ್ಪ ಮುಂದೆ ಎಂದು ಹೇಳುತ್ತ ಹೋದರು. ಸರಿಯಾದ ಜಾಗಕ್ಕೆ ಬಂದಾಗ ಅವರ ಮಾತು ನಿಂತಿತು.

ಆಮೇಲೆ ಬಲಗಡೆಯ ತಪ್ಪನ್ನು ಮುಚ್ಚಲು ಹಸಿರು ಬಣ್ಣದ ಬಾಟಲಿ ಬಿಚ್ಚಿದೆ. ಗೌಡರು ಕೈ ಅಡ್ಡ ಹಿಡಿದರು.

"ಬಿಡು, ಅದು ಹಂಗೇ ಇರ್ಲಿ. ಎಡಗಡೆಯಿಂದ ಪೈಲಟ್ ಹತ್ಲಿ. ಬಲಗಡೆಯಿಂದ ನೀನು ಹತ್ತು."