ಚೈತ್ರಳ ಮುಖ ಮರಳಿ ಬಂದ ಹರತಾಳದ ದಿನ

1998ರ ಆಷಾಢದ ಒಂದು ಸಂಜೆ ನನ್ನ ಹೆಂಡತಿ ಲಲಿತಾ ಅಡುಗೆಮನೆಯಿಂದ ಬಂದು ನನ್ನೆದುರು ನಿಂತಳು. "ರೀ, ನಂಗೆ ಚೈತ್ರನ ಮುಖ ಮರ್ತೋಗಿದೆ" ಅಂದಳು. ಅಳಲಿಲ್ಲ. ಅಳದೇ ಹೇಳಿದ್ದರಿಂದಲೇ ನನಗೆ ಭಯವಾಯಿತು.

ತಾಯಿ ಮೂಕಾಂಬಿಕೆಯನ್ನು ನಂಬಿದ ಬಂಧುಗಳೇ, ನಾನು ಹಾಸನದ ಕಡೆಯವನು. ಆಗ ತಿರುವನಂತಪುರದ ಬಳಿ ತುಂಬ ಎಂಬ ಕಡಲೂರಿನಲ್ಲಿ ಅಳತೆಯ ಉಪಕರಣಗಳನ್ನು ಪರೀಕ್ಷಿಸುವ ಕೆಲಸದಲ್ಲಿದ್ದೆ. ಕಣ್ಣಿಗೆ ಕಂಡದ್ದನ್ನಷ್ಟೇ ಬರೆದುಕೊಳ್ಳುವುದು ನನ್ನ ಕಸುಬು. ಇದನ್ನೂ ಹಾಗೆಯೇ ಬರೆಯುತ್ತಿದ್ದೇನೆ.

ಚೈತ್ರ ನಮ್ಮ ಒಬ್ಬಳೇ ಮಗಳು. ಹಿಂದಿನ ವರ್ಷ ಮಿದುಳು ಜ್ವರ ಬಂದು, ಆಸ್ಪತ್ರೆ ಸೇರಿದ ನಾಲ್ಕನೆಯ ದಿನ ತೀರಿಕೊಂಡಳು. ಐದು ವರ್ಷ ತುಂಬಿರಲಿಲ್ಲ. ಹನ್ನೊಂದನೆಯ ದಿನ ಲಲಿತಾ ಮನೆಯಲ್ಲಿದ್ದ ಆಲ್ಬಮ್ಮುಗಳನ್ನೆಲ್ಲ ಚೀಲಕ್ಕೆ ತುಂಬಿ, ಯಾರಿಗೂ ಹೇಳದೆ ಸಮುದ್ರಕ್ಕೆ ಎಸೆದು ಬಂದಳು. "ನೋಡಿದ್ರೆ ಬದುಕೋಕಾಗಲ್ಲ" ಅಂದಳು. ನಾನು ಬಯ್ಯಲಿಲ್ಲ.

ಈಗ ನೋಡದೆಯೂ ಬದುಕುವುದು ಆಗುತ್ತಿರಲಿಲ್ಲ. "ಕಣ್ಣು ಮುಚ್ಚಿದ್ರೆ ಜಡೆ ಕಾಣತ್ತೆ, ಫ್ರಾಕು ಕಾಣತ್ತೆ. 'ಎಂದಾ ಅಮ್ಮೇ', ಏನಮ್ಮಾ, ಅಂತ ಮಲಯಾಳದಲ್ಲಿ ಕೇಳ್ತಿದ್ದದ್ದೂ ಕಿವೀಲಿದೆ. ಮುಖದ ಜಾಗ ಮಾತ್ರ ಬರೀ ಬಿಳೀ" ಎನ್ನುತ್ತಿದ್ದಳು. ದಿನವೂ ಸಂಜೆ ಆಲ್ಬಮ್ಮು ಎಸೆದ ಜಾಗಕ್ಕೆ ಹೋಗಿ ನಿಲ್ಲತೊಡಗಿದಳು. ಮೀನು ಮಾರುವ ಮೇರಿ ಒಂದು ದಿನ ನನ್ನನ್ನು ದಾರಿಯಲ್ಲೇ ತಡೆದಳು. "ಸಾರೇ, ನಿನ್ನೆ ಲಲಿತಾ ಚೇಚಿ ಮೊಣಕಾಲಷ್ಟು ನೀರಿನಲ್ಲಿ ನಿಂತಿದ್ದರು. ಈ ತಿಂಗಳ ಕಡಲನ್ನು ನಾವೇ ನಂಬುವುದಿಲ್ಲ."

ಆಗ ನನಗೆ ಮನೆಯ ಮೂಲೆಯಲ್ಲಿದ್ದ ಕಂಪ್ಯೂಟರಿನ ನೆನಪಾಯಿತು. ಮಗು ಚೆನ್ನಾಗಿದ್ದಾಗ ಒಂದು ಭಾನುವಾರ, ಗೆಳೆಯನ ಸ್ಕ್ಯಾನರ್ ತಂದು ಆಲ್ಬಮ್ಮಿನ ಚಿತ್ರಗಳನ್ನು ಅದರಲ್ಲಿ ಸೇರಿಸಿದ್ದೆ. ಲಲಿತಾಗೆ ಅದು ಗೊತ್ತಿರಲಿಲ್ಲ. ಮಗು ಹೋದ ಮೇಲೆ ಅದರ ಮುಸುಕು ತೆಗೆಯಲು ನನಗೇ ಧೈರ್ಯವಿರಲಿಲ್ಲ. ಅವಳು ಹೊರಗೆ ಹೋದಾಗ ಸ್ವಿಚ್ಚು ಹಾಕಿದೆ. ಒಳಗಿನಿಂದ ಟಕ್, ಟಕ್, ಟಕ್ ಎಂದು ಯಾರೋ ಬೆರಳಲ್ಲಿ ಬಾಗಿಲು ತಟ್ಟಿದ ಹಾಗೆ ಸದ್ದು ಬಂತು. ಪರದೆ ಕಪ್ಪಾಗಿಯೇ ಉಳಿಯಿತು. ಉಪ್ಪುಗಾಳಿ ಹಾರ್ಡ್ ಡಿಸ್ಕನ್ನು ತಿಂದುಹಾಕಿತ್ತು.

ಎರ್ನಾಕುಲಂ ಕಡೆ ಇಂಥದ್ದನ್ನು ರಿಪೇರಿ ಮಾಡುವ ಹೆಂಗಸೊಬ್ಬರಿದ್ದಾರೆಂದು ಆಫೀಸಿನಲ್ಲಿ ಹೇಳಿದರು. ಪಕ್ಕದ ಮನೆಯ ಟೀಚರಿಗೆ ಲಲಿತಾಳನ್ನು ಒಪ್ಪಿಸಿ, ಡಿಸ್ಕನ್ನು ಟವೆಲಿನಲ್ಲಿ ಸುತ್ತಿಕೊಂಡು ಬೆಳಗಿನ ರೈಲು ಹತ್ತಿದೆ. ಲಲಿತಾಗೆ ಆಫೀಸಿನ ಕೆಲಸ ಎಂದು ಸುಳ್ಳು ಹೇಳಿದೆ. ಸಿಗದಿದ್ದರೆ ಎಂಬ ಭಯದಿಂದ ನಿಜ ಹೇಳಲಿಲ್ಲ.

ಎಡಪ್ಪಳ್ಳಿಯಲ್ಲಿ ಓಮನಾ ಎಂಬ ಆ ಹೆಂಗಸಿನ ಅಂಗಡಿ, ಅದರ ಹಿಂದೆಯೇ ಮನೆ. ಡಿಸ್ಕಿಗೆ ಕಿವಿಯಿಟ್ಟು ಕೇಳಿ ತಲೆಯಾಡಿಸಿದರು. "ಇದರ ಬೋರ್ಡು ಸತ್ತಿದೆ ಸಾರ್. ಇದೇ ಕಂಪನಿಯ, ಇದೇ ಮಾಡೆಲ್ಲಿನ ಇನ್ನೊಂದು ಡಿಸ್ಕ್ ಸಿಕ್ಕರೆ ಅದರ ಬೋರ್ಡು ಹಾಕಿ ನೋಡಬಹುದು. ಈ ಮಾಡೆಲ್ ನಿಂತೇ ಹೋಗಿದೆಯಲ್ಲ." ಸಂಜೆಯವರೆಗೆ ತಮಗೆ ಗೊತ್ತಿದ್ದ ಕಡೆಗೆಲ್ಲ ಫೋನ್ ಮಾಡಿದರು. ಎಲ್ಲಿಯೂ ಇರಲಿಲ್ಲ. ಡಿಸ್ಕನ್ನು ಅವರ ಬಳಿಯೇ ಬಿಟ್ಟು, ಅಂಗಡಿಯ ನಂಬರನ್ನು ಟೀಚರಿಗೆ ಫೋನಿನಲ್ಲಿ ತಿಳಿಸಿ, ಹತ್ತಿರದ ಲಾಡ್ಜಿನಲ್ಲಿ ಉಳಿದೆ.

ಬೆಳಿಗ್ಗೆ ಎದ್ದರೆ ರಸ್ತೆಯಲ್ಲಿ ಒಂದು ಚಕ್ರವಿಲ್ಲ. ದಿಢೀರ್ ಹರತಾಳ. ಬಸ್ಸಿಲ್ಲ, ಆಟೋ ಇಲ್ಲ, ರೈಲುಗಳನ್ನೂ ಅಲ್ಲಲ್ಲಿ ತಡೆದಿದ್ದಾರೆ ಎಂಬ ಸುದ್ದಿ. ಲಾಡ್ಜಿನ ಫೋನಿನಿಂದ ಟೀಚರಿಗೆ ಮಾಡಿದೆ. ನಾನು ಕೇಳುವ ಮೊದಲೇ ಅವರು ಶುರುಮಾಡಿದರು.

"ಲಲಿತಾ ಮನೆಯಲ್ಲಿಲ್ಲ. ನಾನು ಸ್ನಾನಕ್ಕೆ ಹೋಗಿ ಬರುವಷ್ಟರಲ್ಲಿ ಹೊರಟಿದ್ದಾಳೆ. ಬಾಗಿಲು ತೆರೆದೇ ಇದೆ. ಚಪ್ಪಲಿ ಇಲ್ಲೇ ಇದೆ. ಹುಡುಕೋಕೆ ಜನ ಕಳಿಸಿದ್ದೀನಿ."

ಚಪ್ಪಲಿ ಹಾಕದೆ ಅವಳು ಎಲ್ಲಿಗೆ ಹೋಗುತ್ತಾಳೆಂದು ನನಗೆ ಗೊತ್ತಿತ್ತು. "ಕಡಲಿನ ಕಡೆ ಕಳಿಸಿ" ಎಂದು ಕೂಗಿ ಫೋನಿಟ್ಟೆ.

ನಾನು ತಿರುವನಂತಪುರದ ದಿಕ್ಕಿಗೆ ನಡೆಯತೊಡಗಿದೆ. ಇನ್ನೂರು ಕಿಲೋಮೀಟರ್ ದೂರವನ್ನು ನಡೆದು ತಲುಪುವವನ ಹಾಗೆ! ಮುಚ್ಚಿದ ಅಂಗಡಿಗಳ ಸಾಲಿನಲ್ಲಿ ನನ್ನ ಹೆಜ್ಜೆಯ ಸದ್ದು ಬಿಟ್ಟರೆ ಬೇರೇನೂ ಇರಲಿಲ್ಲ. ಕೊನೆಗೆ ಒಂದು ಅಂಗಡಿಯ ಜಗುಲಿಯ ಮೇಲೆ ಕೂತೆ. ಮಗು ಹೋದಾಗಿನಿಂದ ದೇವರೆದುರು ಕೈ ಮುಗಿದಿರಲಿಲ್ಲ. ಕೊಲ್ಲೂರಿನಲ್ಲಿ ಯಾರೆದುರು ಮಗುವಿಗೆ ಅಕ್ಷರ ಬರೆಸಿದ್ದೆವೋ ಆ ತಾಯಿಯ ಮೇಲೆ ನನಗೆ ಸಿಟ್ಟಿತ್ತು. ಅವತ್ತು ಸಿಟ್ಟು ಎಲ್ಲಿ ಹೋಯಿತೋ. "ಅಮ್ಮಾ, ನನಗೆ ಚಿತ್ರ ಬೇಡ. ಡಿಸ್ಕ್ ಸುಟ್ಟುಹೋಗಲಿ. ಅವಳನ್ನು ನೀರಿಂದ ಹಿಂದಕ್ಕೆ ಕರಿ" ಎಂದು ಬಾಯಿಬಿಟ್ಟು ಅತ್ತೆ.

ಓಮನಾರ ನಂಬರಿಗೆ ಟೀಚರು ಫೋನ್ ಮಾಡಬಹುದೆಂದು ನೆನಪಾಗಿ ಅಂಗಡಿಗೆ ಮರಳಿದೆ. ಅರ್ಧ ಬಾಗಿಲು ತೆಗೆದಿತ್ತು. ವಿಷಯ ಕೇಳಿ ಓಮನಾ ನನ್ನನ್ನು ಫೋನಿನ ಪಕ್ಕದಲ್ಲೇ ಕೂರಿಸಿದರು. ಆಮೇಲೆ ಹೇಳಿದರು: "ಸಾರ್, ನಿನ್ನೆ ನೀವು ಹೋದ ಮೇಲೆ, ಮುಚ್ಚಿಹೋದ ಒಂದು ಕಂಪ್ಯೂಟರ್ ಕ್ಲಾಸಿನವರು ಹಳೇ ಮೆಷಿನ್ನುಗಳನ್ನು ತಂದು ಹಾಕಿದರು. ಗುಜರಿ ವ್ಯಾನು ಇವತ್ತು ಏಳು ಗಂಟೆಗೇ ಬಂದು ಒಯ್ಯಬೇಕಿತ್ತು. ಹರತಾಳ, ಬರಲಿಲ್ಲ. ಕೈ ಸುಮ್ಮನಿರದೆ ಒಂದೊಂದೇ ಬಿಚ್ಚಿದೆ. ಮೂರನೆಯದರಲ್ಲಿ ನಿಮ್ಮದೇ ಮಾಡೆಲ್ಲಿನ ಡಿಸ್ಕ್ ಇದೆ."

ನಾನು ಫೋನಿನ ಪಕ್ಕದಿಂದ ಏಳಲಿಲ್ಲ. ಅವರು ತಮ್ಮ ಪಾಡಿಗೆ ಬೋರ್ಡು ಬದಲಾಯಿಸಿದರು. ಡಿಸ್ಕ್ ತಿರುಗಿತು. ಈ ಸಲ ಟಕ್ ಎನ್ನಲಿಲ್ಲ. ಪರದೆಯ ಮೇಲೆ ಮೇಲಿನಿಂದ ಕೆಳಕ್ಕೆ ಒಂದೊಂದೇ ಗೆರೆಯಾಗಿ ಚಿತ್ರ ಇಳಿಯಿತು. ಮೊದಲು ಕೂದಲು, ಆಮೇಲೆ ಹಣೆ. ಕಣ್ಣು ಮೂಡುವ ಹೊತ್ತಿಗೆ ಫೋನ್ ಹೊಡೆದುಕೊಂಡಿತು.

ನಾನು ಮುಟ್ಟಲಿಲ್ಲ. ಓಮನಾ ತೆಗೆದುಕೊಂಡರು, ಕೇಳಿ ನನ್ನ ಕೈಗೆ ಕೊಟ್ಟರು.

"ಸಾರೇ, ಪೇಡಿಕ್ಕೇಂಡ, ಹೆದರಬೇಡಿ" ಎಂದಿತು ಮೇರಿಯ ದನಿ. "ಚೇಚಿ ನನ್ನ ಜೊತೆ ಟೀಚರ ಮನೆಯಲ್ಲಿದ್ದಾರೆ. ಎದೆಮಟ್ಟ ನೀರಲ್ಲಿದ್ದರು. ನಾನೂ ನನ್ನ ತಮ್ಮನೂ ಹೋಗಿ ಎಳೆದು ತಂದೆವು. ಬೇರೆ ದಿನವಾಗಿದ್ದರೆ ಈ ಹೊತ್ತಿಗೆ ನಾನು ಮಾರ್ಕೆಟ್ಟಿನಲ್ಲಿರುತ್ತಿದ್ದೆ ಸಾರೇ. ಹರತಾಳ ಅಂತ ಮೀನಿನ ವ್ಯಾನು ಬರಲಿಲ್ಲ, ದಡದಲ್ಲೇ ಕೂತಿದ್ದೆ."

ನಾನು ಬೆಳಗಿನಿಂದ ಶಾಪ ಹಾಕಿದ್ದು ಆ ಹರತಾಳಕ್ಕೇ.

ಎಲ್ಲ ಚಿತ್ರಗಳೂ ಬರಲಿಲ್ಲ. ಬಹಳಷ್ಟು ಅರ್ಧಕ್ಕೇ ಬೂದುಬಣ್ಣವಾದವು. ಕೊನೆಗೆ ಡಿಸ್ಕ್ ಮತ್ತೆ ಟಕ್ ಎಂದು ಸದ್ದು ಮಾಡಿ ನಿಂತಿತು, ಆಮೇಲೆ ಏಳಲೇ ಇಲ್ಲ. ಅಷ್ಟರಲ್ಲಿ ಪೂರ್ತಿ ಬಂದ ಹನ್ನೊಂದನ್ನು ಓಮನಾ ಫ್ಲಾಪಿಗಳಿಗೆ ಇಳಿಸಿ, ಒಂದನ್ನು ಕಾಗದದ ಮೇಲೆ ಅಚ್ಚು ಹಾಕಿ ಕೊಟ್ಟರು. ಹರತಾಳ ಮುಗಿದ ಮೇಲೆ ಸಿಕ್ಕ ಮೊದಲ ಬಸ್ಸು ಹತ್ತಿ, ಮರುದಿನ ಬೆಳಕು ಹರಿಯುವಾಗ ಮನೆ ಸೇರಿದೆ.

ಲಲಿತಾ ಮೇರಿಯ ಪಕ್ಕದಲ್ಲಿ ಗೋಡೆಗೆ ಒರಗಿ ಕೂತಿದ್ದಳು. ಕಾಗದವನ್ನು ಅವಳ ಮಡಿಲಲ್ಲಿಟ್ಟೆ. ಮೊದಲು ಮುಖ ತಿರುಗಿಸಿದಳು. ಬಹಳ ಹೊತ್ತಿನ ಮೇಲೆ ನೋಡಿದಳು. ಬೆರಳಿನಿಂದ ಮಗುವಿನ ಹಣೆ ಸವರಿದಳು.

"ಬೊಟ್ಟು ಸೊಟ್ಟಗಿದೆ ನೋಡ್ರೀ" ಅಂದಳು. "ಅವತ್ತು ನಿಲ್ಲಲೇ ಇಲ್ಲ, ಓಡ್ತಿದ್ಲು. ಓಡ್ತಿದ್ದಾಗ್ಲೇ ಇಟ್ಟೆ."

ಆಮೇಲೆ ಅತ್ತಳು. ವರ್ಷದಲ್ಲಿ ಮೊದಲ ಸಲ ದೊಡ್ಡ ದನಿ ತೆಗೆದು ಅತ್ತಳು. ಮೇರಿ ತಡೆಯಲಿಲ್ಲ, ನಾನೂ ತಡೆಯಲಿಲ್ಲ.

ನವರಾತ್ರಿಯಲ್ಲಿ ಇಬ್ಬರೂ ಕೊಲ್ಲೂರಿಗೆ ಹೋಗಿ ಬಂದೆವು. ನಮ್ಮ ಮಗುವನ್ನು ತಾಯಿ ಹಿಂದಿರುಗಿಸಲಿಲ್ಲ. ಯಾಕೆಂದು ಇವತ್ತಿಗೂ ಗೊತ್ತಿಲ್ಲ, ಕೇಳುವುದನ್ನೂ ಬಿಟ್ಟಿಲ್ಲ. ಆದರೆ ಅವತ್ತು ಒಂದು ವ್ಯಾನನ್ನು ಎಡಪ್ಪಳ್ಳಿಗೂ ಇನ್ನೊಂದನ್ನು ತುಂಬದ ದಡಕ್ಕೂ ಬಾರದಂತೆ ಮಾಡಿದವಳು ಅವಳೇ ಎಂದು ನಾನು ನಂಬಿದ್ದೇನೆ. ನಾನು ಚಿತ್ರವನ್ನು ಕೈಬಿಟ್ಟು ಲಲಿತಾಳನ್ನಷ್ಟೇ ಬೇಡಿದ್ದೆ. ಅವಳು ಎರಡನ್ನೂ ಕೊಟ್ಟಳು. ಅವಳ ಪಾದಕ್ಕೆ ನಮ್ಮಿಬ್ಬರ ನಮಸ್ಕಾರ.