ಒಳಗೆ ಕೆಂಪಗಿರೋದು

ಮೊದಲು ಬಂದದ್ದು ವಾಸನೆ.

ಹಡಗು ಮಯಾಮಿ ಬಿಟ್ಟ ಮರುದಿನ. ಮೇಲಿನ ಡೆಕ್ಕಿನಲ್ಲಿ ಕುರ್ಚಿ ಎಳೆದುಕೊಂಡು, ಕಾಫಿ ಎಂಬ ಹೆಸರಿನ ಬಿಸಿನೀರು ಕುಡಿಯುತ್ತಾ ಕೂತಿದ್ದೆವು. ಕಣ್ಣು ಹಾಯಿಸಿದಷ್ಟು ದೂರ ಕೆರಿಬಿಯನ್ ಸಮುದ್ರ, ಬೇರೇನೂ ಇಲ್ಲ. ನಮ್ಮವರು ಇದ್ದಕ್ಕಿದ್ದಂತೆ ಮೂಗರಳಿಸಿ ಅತ್ತಿತ್ತ ನೋಡಿದರು.

"ಏನೇ, ಯಾರೋ ಒಗ್ಗರಣೆ ಸೀದಿಸ್ಬಿಟ್ರು."

ನಾನೂ ಮೂಗೆಳೆದು ನೋಡಿದೆ. ಉಪ್ಪುಗಾಳಿ, ಪಕ್ಕದ ಕುರ್ಚಿಯವರು ಬಳಿದುಕೊಂಡಿದ್ದ ಸನ್‌ಸ್ಕ್ರೀನು, ಅಷ್ಟೇ.

"ಇಲ್ಯಾವ ಮಹಾತಾಯಿ ಒಗ್ಗರಣೆ ಹಾಕ್ತಾಳೆ ರೀ?"

"ಸಾಸಿವೆ ಕಣೇ. ಸೀದು ಕರ್‍ರಗಾಗಿದೆ." ಹಾಗೆಂದವರು ಸುಮ್ಮನಾದರು. ಕಣ್ಣು ನೀರಿನ ಮೇಲಿತ್ತು, ತುಟಿ ಮಾತ್ರ ಏನನ್ನೋ ಚಪ್ಪರಿಸುವಂತೆ ಆಡುತ್ತಿತ್ತು. ಸ್ವಲ್ಪ ಹೊತ್ತಿನ ಮೇಲೆ ಕಪ್ಪು ಎತ್ತಿಕೊಂಡು, ಏನೂ ಆಗದವರಂತೆ ಕುಡಿದರು.

ಎದುರಿಗಿದ್ದ ನಾಗರಾಜ ನಕ್ಕುಬಿಟ್ಟ. "ಮನೆ ಊಟ ಬಿಟ್ಟು ಒಂದ್ ದಿನ ಆಗಿಲ್ಲ, ಆಗ್ಲೇ ನಾಲಿಗೆ ಕೆಟ್ಟೋಯ್ತಾ ಸೀನ?" ಅವನ ಹೆಂಡತಿ ಶೋಭಾ, ಚೀಲದಲ್ಲಿ ಚಟ್ನಿಪುಡಿ ಇದೆ ಎಂದು ಸಮಾಧಾನ ಹೇಳಿದಳು. ನಾನೂ ನಕ್ಕೆ.

ನಮ್ಮವರ ಹೆಸರು ಶ್ರೀನಿವಾಸ. ಮೈಸೂರಿನವರು. ಸ್ಯಾನ್ ಹೋಸೆಯಲ್ಲಿ ಚಿಪ್ ಡಿಸೈನು ಮಾಡಿಕೊಂಡು ಇಡೀ ನೌಕರಿ ಕಳೆದು, ಆಗಷ್ಟೇ ರಿಟೈರ್ ಆಗಿದ್ದರು. ನಾಗರಾಜ ಹಾಸನದ ಕಡೆಯವನು, ಸ್ಯಾನ್ ಹೋಸೆಯದೇ ಬೆರ್ರಿಯೆಸಾ ಬಡಾವಣೆಯಲ್ಲಿ ಮನೆ. ನಮ್ಮ ಮಕ್ಕಳು ಒಂದೇ ಡೇಕೇರಿನಲ್ಲಿದ್ದ ಕಾಲದಿಂದ ಸ್ನೇಹ. ಈ ಕ್ರೂಸು ಅವನದೇ ಯೋಜನೆ. ಹಡಗಿನಲ್ಲಿ ಆಡಿದ ಆಟವೂ ಅವನದೇ.

ಆಟ ಇಷ್ಟೇ. ಊರಿಗೆ ಮರಳುವವರೆಗೆ ನಾಲ್ವರಲ್ಲಿ ಯಾರೂ ಒಬ್ಬರೊಡನೊಬ್ಬರು ಮಾತಾಡುವಾಗ ಇಂಗ್ಲಿಷ್ ಪದ ಬಳಸಬಾರದು. ಬಳಸಿದವರು ಎದ್ದು ಹೋಗಿ ಎಲ್ಲರಿಗೂ ಕಾಫಿ ತರಬೇಕು. ಎವರ್‌ಗ್ರೀನ್ ಬಡಾವಣೆಯ ನಮ್ಮ ಮನೆ ಹತ್ತಿರ ನಾನು ಶನಿವಾರ ಮಕ್ಕಳಿಗೆ ಕನ್ನಡ ಕಲಿಸುತ್ತೇನೆ, ಚಿತ್ರದ ಕಾರ್ಡು ಹಿಡಿದು ಹೆಸರು ಹೇಳಿಸುತ್ತೇನೆ. ಆದ್ದರಿಂದ ತೀರ್ಪುಗಾರಳ ಕೆಲಸ ನನ್ನ ಪಾಲಿಗೆ ಬಂತು. ಕಷ್ಟದ ಪದಕ್ಕೆ ಬದಲಿ ಹುಡುಕಿದರೆ ಅಂಕ. ಪಾಸ್‌ಪೋರ್ಟಿಗೆ ಶೋಭಾ "ದಾಟೋ ಪುಸ್ತಕ" ಅಂದಳು. ಲಿಫ್ಟಿಗೆ ನಾಗರಾಜ "ಏರುಪೆಟ್ಟಿಗೆ" ಅಂದ. ಆಫೀಸು, ಮೀಟಿಂಗು, ಫ್ರೀವೇ ಎಂದು ಅಭ್ಯಾಸವಾದ ನಾಲಿಗೆ, ಪ್ರತಿ ವಾಕ್ಯಕ್ಕೂ ತಡವರಿಸುತ್ತಿತ್ತು. ಎಲ್ಲರೂ ತಡವರಿಸುತ್ತಿದ್ದೆವು.

ಅದರಿಂದಲೇ ಯಾರಿಗೂ ಗೊತ್ತಾಗಲಿಲ್ಲ.

ನಮ್ಮವರು ಆಟದಲ್ಲಿ ಎಲ್ಲರಿಗಿಂತ ಮುಂದಿದ್ದರು. ಫೋರ್ಕು ಎತ್ತಿ ತೋರಿಸಿ, ಕಣ್ಣು ಮುಚ್ಚಿ ಯೋಚಿಸಿ, "ಚುಚ್ಚೋದು" ಅಂದರು. ತಮ್ಮ ಕನ್ನಡಕ ಹುಡುಕುವಾಗ "ನೋಡೋದೆಲ್ಲೇ?" ಅಂದರು. ಕೆಲವು ಸಲ ಮಾತಿನ ನಡುವೆ ನಿಂತು, ಗಾಳಿಯಲ್ಲಿ ಕೈ ತಿರುಗಿಸಿ, ಸಾಕೆಂಬಂತೆ ತಲೆಯಾಡಿಸುತ್ತಿದ್ದರು. ನಾನು ಅಂಕ ಕೊಡುತ್ತಿದ್ದೆ. ಊಟದ ಟೇಬಲ್ಲಿನಲ್ಲಿ ವೇಟರು ಇಂಗ್ಲಿಷಿನಲ್ಲಿ ಏನು ಬೇಕೆಂದು ಕೇಳಿದರೂ ಇವರು ಕನ್ನಡದಲ್ಲೇ "ಅದೇ, ನಿನ್ನೇದು" ಎಂದರು. ಆ ವೇಟರಿಗೂ ನಗು. ನಾಗರಾಜನಂತೂ ಟೇಬಲ್ ಕುಟ್ಟಿ, ಇವನಿಗೊಂದು ರಾಜ್ಯೋತ್ಸವ ಪ್ರಶಸ್ತಿ ಕೊಡಬೇಕು ಎಂದ.

ಒಗ್ಗರಣೆ ವಾಸನೆ ಮತ್ತೆ ಬಂತು. ಕೊಸುಮೆಲ್ ಬಂದರಿನಲ್ಲಿ ಇಳಿಯಲು ಸಾಲಿನಲ್ಲಿ ನಿಂತಾಗ. ಈ ಸಲ ಅವರು ನನಗೆ ಹೇಳಲಿಲ್ಲ. ಮೂಗರಳಿಸಿದ್ದು, ತುಟಿ ಚಪ್ಪರಿಸಿದ್ದು ನಾನೇ ನೋಡಿದೆ. ಹಡಗಿನ ಕಾರ್ಡು ತೋರಿಸಿ ಎಂದು ಸೆಕ್ಯುರಿಟಿಯವನು ಕೇಳಿದರೆ ಕೈಯಲ್ಲಿದ್ದ ಕಾರ್ಡನ್ನೇ ನೋಡುತ್ತಾ ನಿಂತರು. ಹಿಂದಿನವರು ತಳ್ಳಿದರು. ನಾನು ಅವರ ಮೊಣಕೈ ಹಿಡಿದು ಮುಂದೆ ನಡೆಸಿದೆ. "ಬಿಸಿಲಿಗೆ ಹಿಂಗಾಯ್ತು," ಅಂದರು. ಬಿಸಿಲೇ ಇರಬೇಕು ಎಂದುಕೊಂಡೆ. ಅಂದುಕೊಳ್ಳುವುದು ಸುಲಭವಾಗಿತ್ತು, ರಜಕ್ಕೆ ಬಂದಿದ್ದೆವು.

ಮರುದಿನ ಬೆಳಿಗ್ಗೆ ಬಫೆಯಲ್ಲಿ ಹಣ್ಣಿನ ಮುಂದೆ ನಿಂತಿದ್ದೆವು. ತಟ್ಟೆ ನನ್ನ ಕೈಯಲ್ಲಿತ್ತು. ನಮ್ಮವರು ಬೆರಳು ತೋರಿಸಿದರು.

"ಅದ್ ಹಾಕೇ. ಅದು... ಒಳಗೆ ಕೆಂಪಗಿರೋದು."

ಪಕ್ಕದಲ್ಲಿದ್ದ ಶೋಭಾ ಚಪ್ಪಾಳೆ ತಟ್ಟಿದಳು. "ವಾಟರ್‌ಮೆಲನ್‌ಗೆ ಎಷ್ಟ್ ಚೆನ್ನಾಗ್ ಹೇಳಿದ್ರು ನೋಡಿ. ಅಯ್ಯೋ, ನಾನ್ ಸೋತೆ, ನಾನೇ ಕಾಫಿ ತರ್ತೀನಿ." ಅಭ್ಯಾಸಬಲದಿಂದ ನಾನೂ "ಪೂರ್ತಿ ಅಂಕ" ಎಂದೆ. ಹೋಳನ್ನು ತಟ್ಟೆಗೆ ಹಾಕುವಾಗ ಕೈ ನಿಂತಿತು.

ಕಲ್ಲಂಗಡಿ ಕನ್ನಡ ಪದ.

ಬೇಸಿಗೆ ಬಂದರೆ ವಾರಕ್ಕೊಂದನ್ನು ಹೊತ್ತು ತಂದು, ಬೆರಳಿನಿಂದ ತಟ್ಟಿ, "ಕಲ್ಲಂಗಡಿ ಅಂದ್ರೆ ಇದು" ಎನ್ನುವ ಮನುಷ್ಯ. ಆ ಪದ ಬಿಡಬೇಕೆಂದು ಯಾವ ಆಟದ ನಿಯಮವೂ ಹೇಳಿರಲಿಲ್ಲ. ಕನ್ನಡಕವೂ ಕನ್ನಡವೇ, ಅದನ್ನೂ ಇವರು "ನೋಡೋದು" ಅಂದಿದ್ದರು. ಇವರು ಇಂಗ್ಲಿಷನ್ನು ಬಿಡುತ್ತಿರಲಿಲ್ಲ. ಎರಡೂ ಭಾಷೆಗಳು ಇವರನ್ನು ಬಿಡುತ್ತಿದ್ದವು.

"ರೀ, ಇದರ ಹೆಸರೇನು ಹೇಳಿ," ಅಂದೆ.

ಅವರು ನಕ್ಕರು. ಕೈ ಗಾಳಿಯಲ್ಲಿ ತಿರುಗಿತು. ನಗು ಹಾಗೇ ಮುಖದ ಮೇಲಿತ್ತು, ಕಣ್ಣಲ್ಲಿ ಮಾತ್ರ ಹೆದರಿಕೆ. ಅಷ್ಟರಲ್ಲಿ ತುಟಿ ಚಪ್ಪರಿಸತೊಡಗಿತು. ಬಲಗೈ ತಾನಾಗಿಯೇ ಜಗ್ಗಿತು. ಆಮೇಲೆ ಇಡೀ ಮೈ.

ಹಡಗಿನ ಮೆಡಿಕಲ್ ಸೆಂಟರು ಕೆಳಗಿನ ಅಂತಸ್ತಿನಲ್ಲಿತ್ತು. ಕಿಟಕಿಯಿಲ್ಲ. ಗೋಡೆಯ ಹಿಂದೆಲ್ಲೋ ಎಂಜಿನ್ನು ಗುಡುಗುಡು ಎನ್ನುತ್ತಿತ್ತು. ಡಾಕ್ಟರು ದಕ್ಷಿಣ ಆಫ್ರಿಕಾದ ಹೆಂಗಸು, ಮೆತ್ತಗೆ ಮಾತಾಡುವವರು. ಇಂಜೆಕ್ಷನ್ ಕೊಟ್ಟು ಮೈ ಅದುರುವುದನ್ನು ನಿಲ್ಲಿಸಿದರು. ಸೀಜರ್ ಅಂದರು, ಎಂದರೆ ಫಿಟ್ಸು. ಕಾರಣ ತಿಳಿಯಲು ಸ್ಕ್ಯಾನ್ ಬೇಕು, ಈ ಹಡಗಿನಲ್ಲಿ ಅದಿಲ್ಲ, ನಾಳೆ ಬೆಳಿಗ್ಗೆ ಫ್ಲಾರಿಡಾ ಸೇರುವವರೆಗೆ ನೆಲವಿಲ್ಲ ಎಂದರು. ಹೆಲಿಕಾಪ್ಟರಿನ ಮಾತೆತ್ತಿದೆ. ಈಗ ಅಲುಗಾಡಿಸುವುದಕ್ಕಿಂತ ಇಲ್ಲಿ ಕಾಯುವುದು ಮೇಲು ಎಂದರು. ತಲೆಯ ಮೇಲಿನ ಸ್ಪೀಕರಿನಲ್ಲಿ ಯಾರೋ ಉತ್ಸಾಹದಿಂದ ಬಿಂಗೋ ಆಟಕ್ಕೆ ಕರೆಯುತ್ತಿದ್ದರು.

ಮಧ್ಯಾಹ್ನ ಇವರು ಕಣ್ಣು ಬಿಟ್ಟರು. ಡಾಕ್ಟರು ಪೆನ್ನು ತೋರಿಸಿದರು, ಗಡಿಯಾರ ತೋರಿಸಿದರು. ಎರಡರ ಹೆಸರೂ ಬರಲಿಲ್ಲ. ಕೊನೆಗೆ ನನ್ನನ್ನು ತೋರಿಸಿ, "ವಾಟ್ ಈಸ್ ಹರ್ ನೇಮ್?" ಎಂದು ಕೇಳಿದರು.

ಇವರು ನನ್ನನ್ನು ನೋಡಿದರು. ತುಂಬ ಹೊತ್ತು ನೋಡಿದರು.

"ನಮ್ಮನೆಯವ್ಳು," ಅಂದರು.

ಡಾಕ್ಟರು ನನ್ನ ಕಡೆ ತಿರುಗಿ, ಅದು ನಿಮ್ಮ ಹೆಸರಾ ಎಂದು ಕೇಳಿದರು. ಅಲ್ಲ, ಹಾಗೆಂದರೆ ಹೆಂಡತಿ, ನಮ್ಮ ಕಡೆ ಗಂಡಸರು ಹೆಂಡತಿಯ ಹೆಸರು ಹಿಡಿಯುವುದಿಲ್ಲ, ಅದು ಸರಿಯಾದ ಉತ್ತರವೇ ಎಂದು ಗಡಿಬಿಡಿಯಲ್ಲಿ ವಿವರಿಸಿದೆ. ಅವರು ತಲೆಯಾಡಿಸಿ, "ಬಟ್ ಡಸ್ ಹಿ ನೋ ಇಟ್?" ಎಂದರು.

ನನಗೆ ಗೊತ್ತಿರಲಿಲ್ಲ.

ನನ್ನ ಹೆಸರು ವಸುಮತಿ. ಇವರ ಬಾಯಲ್ಲಿ ಅದನ್ನು ನಾನು ಕೇಳಿದ್ದು ಒಂದೇ ಸಲ, ಮದುವೆಯಾಗಿ ಗಂಡನ ಮನೆಯ ಹೊಸ್ತಿಲಲ್ಲಿ ನಿಂತಾಗ. ಹೆಸರು ಹೇಳದೆ ಒಳಗೆ ಬಿಡುವುದಿಲ್ಲ ಎಂದು ಇವರ ತಂಗಿಯರು ಬಾಗಿಲಿಗೆ ಅಡ್ಡ ನಿಂತಿದ್ದರು. ಇವರು "ಹೇಳಲ್ಲ ಹೋಗ್ರೇ" ಎಂದು ಎಲ್ಲರನ್ನೂ ಗೋಳುಹೊಯ್ದುಕೊಂಡು, ಕಡೆಗೆ ನೆಲ ನೋಡುತ್ತಾ ಮೆಲ್ಲಗೆ ಹೇಳಿದ್ದರು. ಆಮೇಲೆ ಬರೀ "ಏನೇ", "ಕೇಳಿಸ್ತಾ", "ಬಾರೇ ಇಲ್ಲಿ". ಅದೇ ಚೆನ್ನಾಗಿತ್ತು. ಆದರೆ ಎಂದೂ ಕರೆಯದ ಹೆಸರು ಯಾವತ್ತು ಕಳೆದುಹೋಯಿತೆಂದು ನಾನು ಹೇಗೆ ತಿಳಿಯಲಿ? ವಾರದ ಹಿಂದೆಯೇ ಹೋಗಿತ್ತೋ, ಈ ಮಧ್ಯಾಹ್ನ ಹೋಯಿತೋ, ಇನ್ನೂ ಒಳಗೇ ಇದೆಯೋ. ಅವರ ಕೈ ಹಿಡಿದುಕೊಂಡು, ಒಂದು ಸಲ ಹೆಸರು ಹಿಡಿದು ಕರೆಯಿರಿ ಎಂದು ಮನಸ್ಸಿನಲ್ಲೇ ಬೇಡಿಕೊಂಡೆ.

ಫ್ಲಾರಿಡಾದಲ್ಲಿ ಎಂಆರ್‌ಐ ಆಯಿತು. ಎಡಗಡೆ, ಕಿವಿಯ ಮೇಲ್ಭಾಗದಲ್ಲಿ, ಮಾತು ಹುಟ್ಟುವ ಜಾಗಕ್ಕೆ ಒತ್ತಿಕೊಂಡು ಒಂದು ಟ್ಯೂಮರ್. ವಾಲ್‌ನಟ್ ಗಾತ್ರ ಎಂದರು. ಸೀದ ಒಗ್ಗರಣೆಯ ವಾಸನೆಯೂ ಅದರದೇ ಕೆಲಸ, ಅದೂ ಒಂದು ಬಗೆಯ ಸೀಜರ್. ಕಾಫಿ ಕುಡಿಯುತ್ತಾ ನಾವು ನಕ್ಕದ್ದು ಅದಕ್ಕೇ.

ಮಾತ್ರೆ ಕೊಟ್ಟು, ಸ್ವಲ್ಪ ಸುಧಾರಿಸಿದ ಮೇಲೆ ಮನೆಗೆ ಕಳಿಸಿದರು. ಏರ್‌ಪೋರ್ಟಿನಲ್ಲಿ ಬೀಳ್ಕೊಡುವಾಗ ನಾಗರಾಜ, "ಆ ಹಾಳ್ ಆಟ ನಾನೇ ತಂದಿದ್ದು," ಎಂದು ಕಣ್ಣೊರೆಸಿಕೊಂಡ. ಆಟದಿಂದ ಟ್ಯೂಮರ್ ಬರುತ್ತದೇನೋ ಎಂದು ಗದರಿಸಿ ಕಳಿಸಿದೆ.

ನಮ್ಮ ಮಗಳು ಅನನ್ಯಾ ಹತ್ತಿರದ ಊರು ಸ್ಯಾನ್ ರಮೋನಿನಿಂದ ಬಂದು ನಮ್ಮ ಜೊತೆಗೇ ಉಳಿದಳು. ಅವಳಿಗೆ ಕನ್ನಡ ಅರ್ಥವಾಗುತ್ತದೆ, ಉತ್ತರವೆಲ್ಲ ಇಂಗ್ಲಿಷಿನಲ್ಲಿ. ಅಪ್ಪ ಕನ್ನಡದಲ್ಲಿ ರೇಗಿಸುವುದು, ಮಗಳು ಇಂಗ್ಲಿಷಿನಲ್ಲಿ ತಿರುಗಿ ಕೊಡುವುದು, ಅವರಿಬ್ಬರ ನಡುವೆ ಅದು ಸರಾಗವಾಗಿ ನಡೆದಿತ್ತು. ಗಂಭೀರವಾದ ಮಾತೇನಿದ್ದರೂ ಇವರು ಅವಳ ಭಾಷೆಗೇ ಹೋಗುತ್ತಿದ್ದರು.

ನ್ಯೂರೋಸರ್ಜನ್ ಮೂವರನ್ನೂ ಕೂರಿಸಿಕೊಂಡರು. ಆಪರೇಷನ್ನಿನ ಮಧ್ಯೆ ಇವರನ್ನು ಎಚ್ಚರಗೊಳಿಸಿ, ಚಿತ್ರ ತೋರಿಸಿ ಹೆಸರು ಕೇಳುತ್ತಾರಂತೆ. ಮುಟ್ಟಿದಾಗ ಮಾತು ತಡವರಿಸಿದ ಜಾಗವನ್ನು ಕತ್ತರಿಸುವುದಿಲ್ಲ. ಎರಡು ಭಾಷೆಗೆ ಎರಡು ಜಾಗ ಇರಬಹುದು, ಎರಡನ್ನೂ ಉಳಿಸಲು ನೋಡುತ್ತೇವೆ, ಆದರೆ ಹೊಂದಿಸಲಾಗದಿದ್ದರೆ ಯಾವುದು ಮುಖ್ಯ ಎಂದು ಕೇಳಿದರು.

ಅನನ್ಯಾ ನನ್ನ ಮುಖ ನೋಡಿದಳು. ನಾನು ಅವಳ ಮುಖ ನೋಡಲಿಲ್ಲ. ಕನ್ನಡ ಎಂಬ ಪದ ನನ್ನ ನಾಲಿಗೆಯ ತುದಿಯಲ್ಲಿತ್ತು. ಹೇಳಿದ್ದರೆ ಮಗಳಿಂದ ಅವಳ ಅಪ್ಪನನ್ನು ಕಿತ್ತುಕೊಂಡಂತಾಗುತ್ತಿತ್ತು.

"ಅಮ್ಮಾ, ಯೂ ಡಿಸೈಡ್," ಎಂದಳು.

ಅಷ್ಟರಲ್ಲಿ ನಮ್ಮವರೇ ಕೈಯೆತ್ತಿದರು. ಮೊದಲು ಮಗಳ ಕಡೆ ಬೆರಳು ಮಾಡಿದರು, ಆಮೇಲೆ ನನ್ನ ಕಡೆ. ಪದಗಳನ್ನು ಒಂದೊಂದಾಗಿ ಎಳೆದು ತಂದು ಹೇಳಿದರು.

"ಅವ್ಳಿಗೊಂದು. ಇವ್ಳಿಗೊಂದು."

ಅನನ್ಯಾ ಅದನ್ನು ಇಂಗ್ಲಿಷಿನಲ್ಲಿ ಸರ್ಜನ್ನಿಗೆ ಹೇಳಿದಳು. ಅವರು, ಪ್ರಯತ್ನ ಮಾಡುತ್ತೇವೆ ಎಂದರು.

ಆಪರೇಷನ್ ದಿನದ ಬಗ್ಗೆ ಬರೆಯಲಾರೆ. ಕಾಯುವ ಕೋಣೆಯಲ್ಲಿ ಕೂತಿದ್ದೆವು. ಒಳಗೆ ಇಂಟರ್‌ಪ್ರಿಟರ್ ಒಬ್ಬಳು ಕನ್ನಡದಲ್ಲಿ "ಇದೇನು ಸರ್, ಇದೇನು" ಎಂದು ಕೇಳುತ್ತಿರುತ್ತಾಳೆ, ಇವರ ತಲೆ ತೆರೆದಿರುತ್ತದೆ ಎಂಬುದನ್ನು ಬಿಟ್ಟು ಬೇರೇನೂ ಯೋಚಿಸಲಾಗಲಿಲ್ಲ. ಒಳಗೆ ಕೆಂಪಗಿರೋದು ಎಂಬ ಅವರದೇ ಮಾತು ತಲೆಯಲ್ಲಿ ಸುತ್ತುತ್ತಿತ್ತು, ನಿಲ್ಲಿಸಿದರೂ ನಿಲ್ಲದೆ.

ಮೊದಲ ಕೆಲವು ದಿನ ಅವರು ಮಾತೇ ಆಡಲಿಲ್ಲ. ಊತ ಇಳಿಯಬೇಕು, ಸಹಜ ಎಂದರು ನರ್ಸು. ಸಹಜ ಎಂಬ ಪದವನ್ನು ಅಷ್ಟು ದ್ವೇಷಿಸಿದ್ದು ಅದೇ ಮೊದಲು. ಆಮೇಲೆ "ಓಕೆ" ಬಂತು, ಅನನ್ಯಾಗೆ. ಎರಡು ದಿನ ಬಿಟ್ಟು "ನೀರು" ಬಂತು, ನನಗೆ. ಅವತ್ತು ಆಸ್ಪತ್ರೆಯ ಪಾರ್ಕಿಂಗ್ ಗರಾಜಿನಲ್ಲಿ ಕಾರೊಳಗೆ ಕೂತು ಮನಸಾರೆ ಅತ್ತೆ.

ರಿಪೋರ್ಟು ಬಂದಿದೆ. ತೀರ ಕೆಟ್ಟ ಜಾತಿಯದಲ್ಲ, ನಿಧಾನವಾಗಿ ಬೆಳೆಯುವಂಥದು ಎಂದರು. ಪೂರ್ತಿ ತೆಗೆಯಲು ಆಗಿಲ್ಲ, ಮಾತಿನ ಜಾಗಕ್ಕೆ ಅಂಟಿದ್ದನ್ನು ಬಿಟ್ಟಿದ್ದಾರೆ. ಎಂದರೆ ಇವರ ಮಾತೂ ಅದೂ ಈಗ ಪಕ್ಕಪಕ್ಕದಲ್ಲೇ ಇವೆ. ಕೆಲವು ತಿಂಗಳಿಗೊಮ್ಮೆ ಸ್ಕ್ಯಾನ್. ಒಗ್ಗರಣೆ ಹಾಕುವಾಗಲೆಲ್ಲ ನಾನು ಇವರ ಮುಖ ನೋಡುತ್ತೇನೆ. "ಈಗ ವಾಸನೆ ಬಂತಾ?" ಎಂದು ಕೇಳುತ್ತೇನೆ. "ನೀನೇ ಹಾಕ್ತಿದೀಯಲ್ಲೇ," ಅನ್ನುತ್ತಾರೆ. ಬಂದರೂ ಭಯ, ಬರದಿದ್ದರೂ ಭಯ.

ಮನೆಯಲ್ಲಿ ಅಭ್ಯಾಸ ಮಾಡಿಸಿ ಎಂದು ಸ್ಪೀಚ್ ಥೆರಪಿಸ್ಟ್ ಹೇಳಿದ್ದಾರೆ. ನನ್ನ ಶನಿವಾರದ ಕ್ಲಾಸಿನ ಕಾರ್ಡುಗಳು ಈಗ ಅಡುಗೆಮನೆಯ ಟೇಬಲ್ಲಿಗೆ ಬಂದಿವೆ. ಕಲ್ಲಂಗಡಿಯ ಚಿತ್ರ ಎತ್ತಿದರೆ ಒಂದು ದಿನ "ಕಲ್ಲಂಗಡಿ" ಅನ್ನುತ್ತಾರೆ, ಇನ್ನೊಂದು ದಿನ "ವಾಟರ್‌ಮೆಲನ್". ಯಾವುದಾದರೂ ಸರಿ. ಈಗ ನಿಯಮವಿಲ್ಲ.

ಮನೆಯವರ ಫೋಟೋಗಳನ್ನೂ ಸೇರಿಸಿ ಎಂದಿದ್ದರು. ಮೊನ್ನೆ ಸೇರಿಸಿದೆ. ಅನನ್ಯಾಳ ಫೋಟೋಕ್ಕೆ "ಅನು" ಅಂದರು. ನಾಗರಾಜನ ಫೋಟೋಕ್ಕೆ ಸ್ವಲ್ಪ ಹುಡುಕಿ "ಅಧಿಕಪ್ರಸಂಗಿ" ಅಂದರು. ನಕ್ಕೆವು. ಮೂರನೆಯದು ನಾನು, ಹಡಗಿನ ಡೆಕ್ಕಿನ ಮೇಲೆ, ದೊಡ್ಡ ಟೋಪಿ ಹಾಕಿಕೊಂಡು. ಅದನ್ನು ಎತ್ತಿ ಹಿಡಿದೆ.

"ಯಾರಿದು?"

"ನಮ್ಮನೆಯವ್ಳು."

"ಅದ್ ಗೊತ್ತು. ಹೆಸ್ರು ಹೇಳಿ."

ಅವರು ಫೋಟೋ ನೋಡಿದರು. ನನ್ನನ್ನು ನೋಡಿದರು. ಮತ್ತೆ ಫೋಟೋ ನೋಡಿದರು. ಸ್ಟವ್ ಮೇಲೆ ಕುಕ್ಕರು ಕೂಗಿ ಸುಮ್ಮನಾಯಿತು. ಕೈ ಗಾಳಿಯಲ್ಲಿ ತಿರುಗುತ್ತದೇನೋ ಎಂದು ಕಾದೆ. ತಿರುಗಲಿಲ್ಲ. ನೆಲ ನೋಡುತ್ತಾ, ತುಟಿಯ ಒಂದು ಕೊನೆಯಲ್ಲಿ ನಗು ಹಿಡಿದುಕೊಂಡು, ಅಂದರು.

"ಹೇಳಲ್ಲ ಹೋಗೇ."

ಬರ್ತಿಲ್ಲ ಅನ್ನಲಿಲ್ಲ. ಹೇಳಲ್ಲ ಅಂದರು. ನಾನು ಕೇಳಿದ ಉತ್ತರ ಅದಲ್ಲ. ಹಡಗಿನಲ್ಲೂ ಹೀಗೇ ಕೇಳಿದ್ದು ಬಿಟ್ಟು ಬೇರೇನೋ ಹೇಳುತ್ತಿದ್ದರು, ನಾನು ಅಂಕ ಕೊಡುತ್ತಿದ್ದೆ, ಅದು ಮರೆತಿಲ್ಲ. ಮುಂದಿನ ಸ್ಕ್ಯಾನಿನಲ್ಲಿ ಏನಿರುತ್ತದೋ ಗೊತ್ತಿಲ್ಲ.

"ಪೂರ್ತಿ ಅಂಕ," ಎಂದು ಮುಂದಿನ ಕಾರ್ಡು ಎತ್ತಿದೆ.