ಶುಕ್ರವಾರದ ಕೆಂಪು ಕಿವಿ

ಶುಕ್ರವಾರ ಬಂತೆಂದರೆ ಅವರ ಬಲಗಿವಿ ಕೆಂಪಾಗುತ್ತಿತ್ತು. ಸಂಜೆ ಕಿಟಕಿಯ ಹತ್ತಿರ ಸ್ಟೂಲು ಎಳೆದುಕೊಂಡು ಊರಿಗೆ ಫೋನು ಹಚ್ಚಿದರೆ, ಅದನ್ನು ಎಷ್ಟು ಬಲವಾಗಿ ಕಿವಿಗೆ ಒತ್ತಿಕೊಳ್ಳುತ್ತಿದ್ದರೆಂದರೆ, ಮಾತು ಮುಗಿದು ಚಹಾ ಕುಡಿದು ಲೋಟ ತೊಳೆದಿಟ್ಟರೂ ಆ ಕೆಂಪು ಇಳಿದಿರುತ್ತಿರಲಿಲ್ಲ.

ದೋಹಾದ ಅಲ್ ಮುಂತಜಾದಲ್ಲಿ ಲಿಫ್ಟಿಲ್ಲದ ಹಳೇ ಕಟ್ಟಡ, ಮೂರನೇ ಮಹಡಿ. ಕಂಪನಿ ಕೊಟ್ಟ ಒಂದೇ ರೂಮಿನಲ್ಲಿ ನಾವು ಮೂವರು. ನಾನು ಏಸಿ ಮೆಕ್ಯಾನಿಕ್. ಏಳನೇ ಕ್ಲಾಸಿಗೆ ಶಾಲೆ ಬಿಟ್ಟವನು, ಆದರೆ ನಾನು ಕೈ ಹಾಕಿದ ಏಸಿ ತಣ್ಣಗಾಗದೆ ಉಳಿದದ್ದಿಲ್ಲ. ಇನ್ನೊಬ್ಬ ವ್ಯಾನು ಓಡಿಸುವ, ಮಂಗಳೂರು ಕಡೆಯ ಬ್ಯಾರಿ ಹುಡುಗ. ಮೂರನೆಯವರು ಅವರು, ಉಡುಪಿ ಕಡೆಯ ಕ್ರಿಶ್ಚಿಯನ್ನರು, ಆಫೀಸಿನಲ್ಲಿ ಟೈಪಿಂಗ್ ಕೆಲಸ. ವಯಸ್ಸಿನಲ್ಲಿ ಹಿರಿಯರಾದ್ದರಿಂದ ನಮಗೆ ಅಣ್ಣ.

ಅವರ ಫೋನು ಎಲ್ಲರ ಫೋನಿನಂತಿರಲಿಲ್ಲ. ಹಲೋ ಆದ ಕೂಡಲೇ ಮಗನಿಗೆ, "ಮನೆಗೆ ಸುತ್ತು ಹಾಕಿ ಓಡಿ ಬಾ" ಎನ್ನುತ್ತಿದ್ದರು. ಹುಡುಗ ಓಡಿ ಬರುವವರೆಗೆ ಸುಮ್ಮನೆ ಕಾಯುವುದು. ಬಂದ ಮೇಲೂ ಮಾತಿಲ್ಲ. "ಉಸಿರು ಕೇಳಿಸು" ಎಂದು ಹೇಳಿ ಕಣ್ಣು ಮುಚ್ಚಿ ಕೂರುತ್ತಿದ್ದರು. ಅವರದು ಕೊಂಕಣಿ, ಇಷ್ಟು ಅರ್ಥವಾಗುವಷ್ಟು ನಾನೂ ಕಲಿತಿದ್ದೆ.

"ದುಡ್ಡು ಕೊಟ್ಟು ಫೋನಿನ ಕಾರ್ಡು ಹಾಕಿ ಏದುಸಿರು ಕೇಳುವ ಜನ ಕತಾರಿನಲ್ಲಿ ಇವರೊಬ್ಬರೇ ಮಾರಾಯ್ರೆ!" ಎಂದು ಬ್ಯಾರಿ ಹುಡುಗ ನಗುತ್ತಿದ್ದ.

"ನಗು ನಗು. ನಿನಗೊಂದು ಮಗು ಆದ ಮೇಲೆ ಗೊತ್ತಾಗ್ತದೆ" ಎನ್ನುತ್ತಿದ್ದರು ಅಣ್ಣ.

ಇದು ಶುರುವಾದದ್ದು ಅವರು ರಜೆಗೆ ಹೋಗಿ ಬಂದ ಮೇಲೆ. ಎರಡು ವರ್ಷದ ಮೇಲೆ ಮಗನನ್ನು ನೋಡಿದರಂತೆ. ಕಡಲ ಬದಿಗೆ ನಡೆಸಿಕೊಂಡು ಹೋದರೆ ಹುಡುಗ ಅರ್ಧ ದಾರಿಯಲ್ಲೇ ಕೂತು, ರಿಕ್ಷಾ ಬೇಕೆಂದು ಅತ್ತನಂತೆ. ಗಲ್ಫಿನವನ ಮಗ ಮಣ್ಣಿನಲ್ಲಿ ಆಡಬಾರದು, ಬಿಸಿಲಿಗೆ ಹೋಗಬಾರದು ಎಂದು ಮನೆಯವರೆಲ್ಲ ಸೇರಿ ಟೀವಿ ಮುಂದೆ ಕೂರಿಸಿಟ್ಟಿದ್ದರು. "ಶಾಲೆಯ ಮಾರ್ಕು ಕಾಗದದಲ್ಲಿ ಬರ್ತದೆ. ಫೋಟೋದಲ್ಲಿ ಮುಖ ಬರ್ತದೆ. ಕಾಲಲ್ಲಿ ಬಲ ಉಂಟಾ ಇಲ್ಲವಾ ಅಂತ ನಾನು ಇಲ್ಲಿಂದ ಹೇಗೆ ನೋಡುವುದು, ಹೇಳು" ಎಂದಿದ್ದರು. ಉಸಿರು ಎಷ್ಟು ಬೇಗ ಹದಕ್ಕೆ ಬರುತ್ತದೆ ಎನ್ನುವುದರಲ್ಲಿ ಮಗ ಗಟ್ಟಿಯಾಗುತ್ತಿದ್ದಾನೋ ಇಲ್ಲವೋ ಎಂದು ಅವರಿಗೆ ತಿಳಿಯುತ್ತಿತ್ತು.

ನಾನೊಮ್ಮೆ ಹೆಮ್ಮೆಯಿಂದ ಹೇಳಿದೆ, "ನಾನು ಶಾಲೆಗೆ ಕೆಸರು ತುಳಿದು ಹೋದೋನಣ್ಣ. ನನ್ನ ಮಗಳು ಆಟೋದಲ್ಲಿ ಹೋಗ್ತಾಳೆ, ನೆಲಕ್ಕೆ ಕಾಲೇ ಇಡಲ್ಲ."

ಅವರು ಟವೆಲ್ಲು ಮಡಚುತ್ತಿದ್ದವರು ನಿಲ್ಲಿಸಿದರು. "ಅಷ್ಟು ನಡೆದದ್ದಕ್ಕೇ ನೀನೀಗ ಏಸಿ ಹೊತ್ತು ಟೆರೇಸು ಹತ್ತುವುದು ಮಾರಾಯ. ನಿನ್ನ ಹತ್ತಿರ ಇದ್ದ ಒಂದು ಆಸ್ತಿ ಅದು. ಅದನ್ನೇ ಅವಳಿಗೆ ಕೊಡುವುದಿಲ್ಲ ಅಂದ್ರೆ ಹೇಗೆ?"

ನನಗೆ ಸಿಟ್ಟು ಬಂತು. ಆದರೂ ಮುಂದಿನ ಶುಕ್ರವಾರ ನನ್ನೂರು ಅರಸೀಕೆರೆಗೆ ಫೋನು ಮಾಡಿ ಮಗಳಿಗೆ ಓಡಿ ಬಾ ಎಂದೆ. ಬಂದಳು. ನಗು, ಏದುಸಿರು, ಮತ್ತೆ ನಗು. ಅವಳು ಅಂಬೆಗಾಲಿಡುತ್ತಿದ್ದಾಗ ಬಿಟ್ಟು ಬಂದವನು ನಾನು. ರಜೆಗೆ ಹೋದಾಗಲೂ ಬಾಗಿಲ ಹಿಂದೆಯೇ ನಿಲ್ಲುತ್ತಿದ್ದವಳು. ಆವತ್ತು ಮೊದಲ ಸಲ ಅವಳು ನನ್ನ ಕುತ್ತಿಗೆಯ ಹತ್ತಿರ ಉಸಿರಾಡಿದ ಹಾಗಾಯಿತು. ಕನ್ನಡಿಯಲ್ಲಿ ನೋಡಿಕೊಂಡರೆ ನನ್ನ ಕಿವಿಯೂ ಕೆಂಪು.

ಒಂದು ಶುಕ್ರವಾರ ಅವರ ಮಗನ ಶಾಲೆಯಲ್ಲಿ ಓಟದ ಪಂದ್ಯ. ಭಾವಮೈದ ಮೈದಾನದಲ್ಲಿ ಮೊಬೈಲು ಹಿಡಿದು ನಿಂತಿದ್ದ. ನಾವು ಮೂವರೂ ಒಂದೇ ಫೋನಿಗೆ ತಲೆ ಕೊಟ್ಟು ಕೂತೆವು. ಪೀಪಿ ಊದಿದ್ದು ಕೇಳಿತು, ಮಕ್ಕಳ ಗಲಾಟೆ ಕೇಳಿತು, ಅಷ್ಟರಲ್ಲಿ ಕಾರ್ಡು ಖಲಾಸ್. ಬ್ಯಾರಿ ಹುಡುಗ ಬರಿಗಾಲಲ್ಲೇ ಕೆಳಗಿನ ಅಂಗಡಿಗೆ ಹಾರಿದ. ಹೊಸ ಕಾರ್ಡು ಹಾಕಿ ಮತ್ತೆ ಹಚ್ಚಿದಾಗ ಫೋನು ಹಿಡಿದವನು ಮಗನೇ.

"ಪಪ್ಪಾ, ಲಾಸ್ಟ್ ಬಂದೆ."

"ನಡುವಲ್ಲಿ ನಿಂತೆಯಾ?"

"ಇಲ್ಲ."

"ಸಾಕು. ಉಸಿರು ಕೇಳಿಸು."

ಅಷ್ಟು ಹೊತ್ತು ಅವರು ಕೇಳಿಸಿಕೊಂಡದ್ದನ್ನು ನಾನು ಎಂದೂ ನೋಡಿರಲಿಲ್ಲ. ಆಮೇಲೆ ನಮಗೆ ಬಿರಿಯಾನಿ ತರಿಸಿದರು, ಮಗ ಗೆದ್ದವನಂತೆ.

ಆದರೆ ಅವರು ಮಾತ್ರ ಬೆಳಿಗ್ಗೆಯಿಂದ ಸಂಜೆಯವರೆಗೆ ಕುರ್ಚಿಯಲ್ಲಿ, ಸಂಜೆಯಿಂದ ಮಂಚದಲ್ಲಿ. ಮೆಟ್ಟಿಲು ಹತ್ತುವಾಗ ಎರಡನೇ ತಿರುವಿನಲ್ಲಿ ನಿಂತು, ಮೊಬೈಲು ತೆಗೆದು ನೋಡುತ್ತಾ, "ನೀವು ಹೋಗಿ, ನನಗೊಂದು ಮೆಸೇಜು ಉಂಟು" ಎನ್ನುತ್ತಿದ್ದರು. ನಾವು ಹೋಗುತ್ತಿದ್ದೆವು. ಆ ಮೆಸೇಜು ಏನೆಂದು ಯಾರೂ ಕೇಳಲಿಲ್ಲ.

ಬೇಸಿಗೆಯಲ್ಲಿ ಒಂದು ದಿನ ಆಫೀಸಿನ ಕುರ್ಚಿಯಲ್ಲೇ ಹೋಗಿಬಿಟ್ಟರು. ಹೃದಯ ಎಂದರು. ಪೆಟ್ಟಿಗೆ ವಿಮಾನ ಹತ್ತಿತು. ಅವರ ಮಂಚಕ್ಕೆ ತಕ್ಷಣ ಬೇರೆಯವರು ಬರಲಿಲ್ಲ. ಬರಿ ಹಾಸಿಗೆ ನೋಡುತ್ತಾ ಮಲಗುವುದನ್ನು ನಾವಿಬ್ಬರೂ ಅಭ್ಯಾಸ ಮಾಡಿಕೊಂಡೆವು. ಶುಕ್ರವಾರ ಅದೇ ಹೊತ್ತಿಗೆ ನಾನು ಅವರ ಮನೆಗೆ ಫೋನು ಮಾಡಿದೆ. ಹುಡುಗ ಎತ್ತಿದ. ಸ್ವಲ್ಪ ಹೊತ್ತು ಅವನ ಉಸಿರು ಕೇಳಿ ಇಟ್ಟುಬಿಟ್ಟೆ.

ಇದನ್ನೆಲ್ಲ ಮಗಳಿಗೆ ಹೇಳಿದ್ದೆ. ಅವಳೀಗ ಹೈಸ್ಕೂಲು, ಶಾಲೆಗೆ ಸೈಕಲ್ಲಿನಲ್ಲಿ ಹೋಗುತ್ತಾಳೆ. ಕಳೆದ ಬಾರಿ ಫೋನು ಮಾಡಿದಾಗ ಹಲೋ ಎನ್ನುವ ಮೊದಲೇ ಹೇಳಿದಳು, "ಅಪ್ಪ, ಕೆಳಗಿಳಿದು ಮೆಟ್ಟಿಲು ಹತ್ತಿ ಬಾ. ಫೋನ್ ಇಡ್ಬೇಡ. ಆಮೇಲೆ ಮಾತು."

ಇಳಿದು ಹತ್ತಿದೆ. ನನಗೂ ವಯಸ್ಸಾಗುತ್ತಿದೆ. ಎರಡನೇ ತಿರುವಿಗೆ ಬಂದಾಗ, ಅವರು ನಿಲ್ಲುತ್ತಿದ್ದ ಜಾಗದಲ್ಲೇ ಗೋಡೆಗೆ ಒರಗಿ ನಿಂತೆ, ಫೋನನ್ನು ಕಿವಿಗೆ ಒತ್ತಿಕೊಂಡು. ಆ ಕಡೆ ಮಗಳು ನನ್ನ ಉಸಿರು ಕೇಳಿಸಿಕೊಳ್ಳುತ್ತಿದ್ದಳು.